ಫಾರಂ 19 ನನ್ನ ಬ್ಯಾನರ್

ನಾನು ಕಣ್ಣೂರು ಕಡೆಯವನು. ಹೊಸನಗರ ತಾಲೂಕಿನ ಒಂದು ಅನುದಾನರಹಿತ ಹೈಸ್ಕೂಲಿಗೆ ಗಣಿತ ಮೇಷ್ಟ್ರಾಗಿ ಬಂದಾಗ ‘ಊಟ ಆಯ್ತಾ’ ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಈಗ 22 ವರ್ಷ ಆಯಿತು. ಆದರೂ ಪಕ್ಷದ ಸಭೆಯಲ್ಲಿ ನನಗೆ ಹಿಂದಿನ ಬೆಂಚೇ. “ಕೇರಳದವರ ಮಾತು ಇಲ್ಲಿ ಯಾರು ಕೇಳ್ತಾರೆ ಮಾರಾಯ್ರೇ” ಎಂದು ಒಬ್ಬರು ಮೈಕ್ ಪಕ್ಕದಲ್ಲೇ ಹೇಳಿದ್ದರು. ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಬಂದ ಯಡಿಯೂರಪ್ಪನವರು ಶಿಕಾರಿಪುರದಲ್ಲಿ ಗೆದ್ದು ಮುಖ್ಯಮಂತ್ರಿಯೇ ಆದರಲ್ಲ ಎಂದೆ. “ಅವರು ಕನ್ನಡದವರು” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

2018ರಲ್ಲಿ ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಕ್ಷೇತ್ರದ (ಇಲ್ಲಿ ಶಿಕ್ಷಕರಿಗೆ ಮಾತ್ರ ಓಟು) ಚುನಾವಣೆಗೆ ಮೊದಲು ನಾನೂ ಎಲ್ಲರ ಹಾಗೆ ಫ್ಲೆಕ್ಸ್ ಹಾಕಿಸಿದೆ. ರಿಪ್ಪನ್‌ಪೇಟೆ, ಬಿದನೂರು ನಗರ, ಹೊಸನಗರ ಬಸ್‌ಸ್ಟ್ಯಾಂಡ್. ಸುಮಾರು 40 ಸಾವಿರ ಹೋಯಿತು. ನನ್ನ ಸಂಬಳ ಆಗ 14 ಸಾವಿರ. ಜೂನ್ ಮಳೆಗೆ ಫ್ಲೆಕ್ಸ್ ಹರಿದು ಯಾರದೋ ಕೊಟ್ಟಿಗೆಯ ಮಾಡಿಗೆ ಹೊದಿಕೆಯಾಯಿತು. ಮನೆಯವಳು ಇವತ್ತಿಗೂ ಆ ಕೊಟ್ಟಿಗೆ ತೋರಿಸಿ ನಗುತ್ತಾಳೆ.

ಅದಕ್ಕಿಂತ ದೊಡ್ಡ ಪೆಟ್ಟು ಫಾರಂ 19ರದ್ದು, ಅಂದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಶಿಕ್ಷಕರು ತುಂಬುವ ಅರ್ಜಿಯದ್ದು. ಶಿಕ್ಷಕರ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ಹಳೇ ಹೆಸರು ಲೆಕ್ಕಕ್ಕಿಲ್ಲ. ಇದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಕಷ್ಟಪಟ್ಟು ನೂರರ ಹತ್ತಿರ ಫಾರಂ ತುಂಬಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ತಾಲೂಕು ಕಚೇರಿಗೆ ಹೋದೆ. ಯಾರೋ ಒಬ್ಬರು ರಾಶಿ ಹಾಕಿ ತಂದರೆ ತೆಗೆದುಕೊಳ್ಳುವುದಿಲ್ಲ ಎಂದರು. ನಿಯಮವೇ ಹಾಗಿದೆ, ತಪ್ಪು ನನ್ನದೇ. ವಾಪಸ್ ತಂದು ಹಂಚುವಷ್ಟರಲ್ಲಿ ಕೊನೇ ದಿನ ಮುಗಿದಿತ್ತು.

ಆಮೇಲೆ ನಿಯಮ ಕೂತು ಓದಿದೆ. ಶಾಲೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಫಾರಂಗಳನ್ನು ಒಟ್ಟಿಗೆ ಕೊಡಬಹುದು! ಹಾಗಾದರೆ ನಾನು ಹಿಡಿಯಬೇಕಾದ್ದು ಮೇಷ್ಟ್ರುಗಳನ್ನಲ್ಲ, ಹೆಡ್‌ಮಾಸ್ಟರನ್ನು. ಇನ್ನೊಂದು ಸಂಗತಿ, ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದ್ದರೆ ಸಾಕು, ಸತತವಾಗಿ ಇರಬೇಕಿಲ್ಲ. ಅನುದಾನರಹಿತ ಶಾಲೆಯವರು ಜೂನ್‌ಗೆ ಸೇರಿ ಮಾರ್ಚ್‌ಗೆ ಬಿಡುವ ಜನ. ‘ನಮಗೆ ಓಟಿಲ್ಲ’ ಎಂದು ಸುಮ್ನೆ ಕೂತಿದ್ದರು. ಅವರ ತುಂಡು ತುಂಡು ಸೇವೆ ಕೂಡಿಸಿದರೆ ಎಷ್ಟೋ ಜನಕ್ಕೆ ಮೂರು ವರ್ಷ ದಾಟುತ್ತಿತ್ತು. ಕೂಡಿಸುವುದಕ್ಕೆ ಗಣಿತ ಮೇಷ್ಟ್ರು ನಾನಿದ್ದೆನಲ್ಲ.

ಮುಂದಿನ ಚುನಾವಣೆಗೆಂದು 2023ರ ಅಕ್ಟೋಬರ್‌ನಿಂದ, ಫಾರಂ ಕೊಡುವ ಕೊನೇ ದಿನವಾದ ನವೆಂಬರ್ 6ರವರೆಗೆ, ಸಂಜೆ ಮತ್ತು ಭಾನುವಾರ, ಹಳೇ ಸ್ಪ್ಲೆಂಡರ್ ಮೇಲೆ ಸುತ್ತಿದೆ. ನಿಟ್ಟೂರು, ಸಂಪೆಕಟ್ಟೆ, ಮಾಸ್ತಿಕಟ್ಟೆ. ಪೆಟ್ರೋಲಿಗೆ 6 ಸಾವಿರ, ಜೆರಾಕ್ಸಿಗೆ 2 ಸಾವಿರ ಚಿಲ್ಲರೆ. “ಫಾರಂ ತುಂಬಿಸಿ ಯಾರು ಲೀಡರ್ ಆಗಿದಾರೆ ಮೇಷ್ಟ್ರೇ?” ಎಂದು ಪಕ್ಷದವರು ಕೇಳುತ್ತಿದ್ದರು.

ಸೇವಾ ಪ್ರಮಾಣಪತ್ರಕ್ಕೆ ಸಹಿ ಹಾಕಲು ಕೆಲವು ಆಡಳಿತ ಮಂಡಳಿಯವರು ಹೆದರುತ್ತಾರೆ. ಮೂರು ವರ್ಷ ದುಡಿದಿದ್ದಾರೆ ಎಂದು ಬರೆದುಕೊಟ್ಟರೆ ನಾಳೆ ಪಿಎಫ್ ಕೇಳಿಯಾರು ಎಂಬ ಭಯ. ಅವರ ಹತ್ತಿರ ಸಹಿ ಹೇಗೆ ಹಾಕಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲಕ್ಕೂ ಬೇಕಲ್ವಾ?

ಮಧ್ಯೆ ಒಂದು ಆಟವನ್ನೂ ಮಾಡಿದೆ. ಈ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಇಷ್ಟದ ಕ್ರಮ ಬರೆಯಬೇಕು. ಈ ಪ್ರಾಶಸ್ತ್ಯದ ಮತ ಹೇಗೆ ವರ್ಗವಾಗುತ್ತದೆ ಎಂದು ತೋರಿಸಲು ಸ್ಟಾಫ್ ರೂಮಿನಲ್ಲಿ ಅಡಿಕೆ ಇಟ್ಟುಕೊಂಡು ಎಣಿಕೆ. ನಾಲ್ಕು ತಟ್ಟೆ, ನಾಲ್ಕು ಅಭ್ಯರ್ಥಿ, ಒಂದು ಅಡಿಕೆ ಒಂದು ಓಟು. ಕಡಿಮೆ ಅಡಿಕೆ ಬಿದ್ದ ತಟ್ಟೆಯನ್ನು ತೆಗೆದು, ಅದರ ಅಡಿಕೆಗಳನ್ನು ಎರಡನೇ ಪ್ರಾಶಸ್ತ್ಯದ ತಟ್ಟೆಗೆ ಹಾಕುವುದು. ಎಲ್ಲರಿಗೂ ಖುಷಿ. ಒಂದು ಶಾಲೆಯಲ್ಲಿ ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಹಿರಿಯರೊಬ್ಬರು ಮೂರು ಓಟು ಎಲೆಯ ಜೊತೆ ಬಾಯಿಗೆ ಹಾಕಿಕೊಂಡಿದ್ದರು. ವಾಟ್ಸಾಪ್‌ನಲ್ಲಿ ಆಡಿಯೊ ಕಳಿಸಿಯೂ ನೋಡಿದೆ, ದಂಡ. ನನ್ನ ಉಚ್ಚಾರಣೆ ಕೇಳಿ ನಕ್ಕಿದ್ದೇ ಜಾಸ್ತಿ.

ಓಟು ಕೆಡದ ಹಾಗೆ ನೋಡಿಕೊಳ್ಳಲೂ ಈ ಆಟ ನೆರವಾಯಿತು. ಬೂತಿನಲ್ಲಿ ಕೊಟ್ಟ ನೇರಳೆ ಪೆನ್ನಿನಲ್ಲೇ ಬರೆಯಬೇಕು. ಕನ್ನಡ ಅಂಕಿ ೧ ನಡೆಯುತ್ತದೆ, ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಓಟು ಕೆಟ್ಟಂತೆ. ಟಿಕ್ ಮಾರ್ಕ್ ಹಾಕುವುದು ನಮ್ಮವರ ಕೈಗೆ ಅಂಟಿದ ರೋಗ, ಪೇಪರ್ ತಿದ್ದಿ ತಿದ್ದಿ.

2024ರ ಜೂನ್ 3ಕ್ಕೆ ಮತದಾನ. ನಾನು ಓಡಾಡಿದ ಶಾಲೆಗಳಿಂದ ಹಿಂದೆಲ್ಲ 90ರ ಮೇಲೆ ಹೆಸರು ಇರುತ್ತಿರಲಿಲ್ಲ. ಈ ಸಲ 270 ಇರಬೇಕು, ನೆನಪಿನಿಂದ ಹೇಳುತ್ತಿದ್ದೇನೆ. ಒಬ್ಬೊಬ್ಬರ ಹೆಸರು, ಫೋನು, ಸೇವೆಯ ವರ್ಷ ಎಲ್ಲ ನನ್ನ ಡೈರಿಯಲ್ಲಿದೆ. ಯಾರ ಪರ ಕೆಲಸ ಮಾಡಿದೆ ಎನ್ನುವುದು ಇಲ್ಲಿ ಬೇಡ. ಎರಡು ತಿಂಗಳಾದ ಮೇಲೆ ಬೆಂಗಳೂರಿನಿಂದ ಫೋನ್ ಬಂತು. ಪಕ್ಷದ ಶಿಕ್ಷಕರ ವಿಭಾಗದ ರಾಜ್ಯ ಸಮಿತಿಗೆ ನನ್ನನ್ನು ತೆಗೆದುಕೊಂಡಿದ್ದರು. ತಾಲೂಕಿನಲ್ಲಿ ಬೆಂಚಿನ ಮೇಲೆ ಕೂತವನು ನೇರ ರಾಜ್ಯಕ್ಕೆ!

ನಾನೇ ನಿಲ್ಲುತ್ತೇನಾ ಎಂದು ಈಗ ಕೇಳುತ್ತಾರೆ. 30 ವರ್ಷ ದಾಟಿರಬೇಕು, ಈ ರಾಜ್ಯದ ಮತದಾರನಾಗಿರಬೇಕು, ಹತ್ತು ಸೂಚಕರು ಬೇಕು, 10 ಸಾವಿರ ಠೇವಣಿ. ಹುಟ್ಟಿದ್ದು ಎಲ್ಲಿ ಎಂದು ಫಾರಂನಲ್ಲಿ ಕೇಳುವುದಿಲ್ಲ. ಆದರೆ ಖರ್ಚು ಠೇವಣಿಯಲ್ಲಿ ಮುಗಿಯುತ್ತದೆಯೇ? ಮಗಳ ಓದು ಮುಗಿಯಲಿ.

ಮೈಕ್ ಪಕ್ಕದಲ್ಲಿ ಮಾತಾಡಿದವರು ಮೊನ್ನೆ ಮನೆಗೆ ಬಂದಿದ್ದರು. “ಆ ಡೈರಿ ಒಂದ್ಸಲ ಕೊಡಿ ಮೇಷ್ಟ್ರೇ, ಜೆರಾಕ್ಸ್ ಮಾಡಿಸಿ ಕೊಡ್ತೀನಿ” ಅಂದರು. ಕಾಫಿ ಕೊಟ್ಟು ಕಳಿಸಿದೆ.