ವಾರದ ಲೆಕ್ಕದ ವ್ಯಾಯಾಮ: ಕಲಬುರಗಿಯಲ್ಲಿ ನನ್ನ ಅನುಭವ

ಕಲಬುರಗಿಯಲ್ಲಿ ತಪ್ಪದೆ ವ್ಯಾಯಾಮ ಮಾಡಬೇಕೆನ್ನುವವರು ಎಲ್ಲಕ್ಕಿಂತ ಮೊದಲು ಇಲ್ಲಿನ ಬಿಸಿಲನ್ನು ಗಮನದಲ್ಲಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಹೊಸತಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುವುದೂ ಈ ಕಾರಣಕ್ಕೇ. ಅಂಥದೊಂದು ಕಚೇರಿಯ ನೌಕರಳಾದ ನನಗೆ, ಕಚೇರಿಯೇ ಋತು ನೋಡಿ ವೇಳೆ ಬದಲಿಸಿಕೊಳ್ಳುವ ಊರಿನಲ್ಲಿ ವ್ಯಾಯಾಮಕ್ಕೆ ಮಾತ್ರ ವರ್ಷವಿಡೀ ಒಂದೇ ವೇಳೆ, ಒಂದೇ ಅಳತೆ ಗೊತ್ತುಮಾಡುವುದು ಸರಿಯೆನಿಸಲಿಲ್ಲ.

ರಕ್ತದ ಸಕ್ಕರೆ ಮಿತಿಯ ಅಂಚಿಗೆ ಬಂದಿದೆ ಎಂದು ವೈದ್ಯರು ಹೇಳಿದ ಮೇಲೆ ನಾನು ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರದ ಲೆಕ್ಕವನ್ನೇ ಹೇಳುತ್ತದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಎರಡು ಅಥವಾ ಹೆಚ್ಚು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತನ್ನು ಅದರಲ್ಲಿ ಕೈಬಿಡಲಾಗಿದೆ. ಮನೆ, ಕಚೇರಿ ಎರಡನ್ನೂ ನಡೆಸುವ ಹೆಣ್ಣುಮಕ್ಕಳಿಗೆ ಇದು ಬಹಳ ದೊಡ್ಡ ಅನುಕೂಲವೆಂದು ನಾನು ಭಾವಿಸುತ್ತೇನೆ. ಕಚೇರಿಯ ಮೆಟ್ಟಿಲು ಹತ್ತಿದ ನಿಮಿಷಗಳಿಗೂ ಅಲ್ಲಿ ಬೆಲೆಯಿದೆ.

ಮಳೆಗಾಲದಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮತ್ತು ಚಳಿಗಾಲದಲ್ಲಿ ಅಪ್ಪನ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಬಿರುಸಾಗಿ ನಡೆಯುತ್ತೇನೆ. ನಡೆಯುತ್ತಲೇ ಮಾತನಾಡಲು ಬರಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಮಧ್ಯಮ ಶ್ರಮಕ್ಕೆ ಇದಕ್ಕಿಂತ ಸುಲಭದ ಅಳತೆಯಿಲ್ಲ.

ಬೇಸಿಗೆಯ ಕ್ರಮವೇ ಬೇರೆ. ಬೆಳಿಗ್ಗೆ ಅಡುಗೆ ಮುಗಿಸಿ 8ಕ್ಕೆ ಕಚೇರಿಯಲ್ಲಿರಬೇಕಾದ್ದರಿಂದ ನಸುಕಿನಲ್ಲಿ ಒಂದು ಚಿಕ್ಕ ಸುತ್ತಿಗಷ್ಟೇ ಬಿಡುವು ಸಿಗುತ್ತದೆ. ಉಳಿದದ್ದನ್ನು ಕತ್ತಲಾದ ಮೇಲೆ ಓಣಿಯಲ್ಲಿ ನಡೆದು ತುಂಬಿಸಿಕೊಳ್ಳುತ್ತೇನೆ. ಮಾಳಿಗೆಯ ಮೇಲೆ ನಡೆಯುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಹಗಲೆಲ್ಲ ಕಾದ ಸ್ಲ್ಯಾಬ್ ಸೂರ್ಯ ಮುಳುಗಿ ಎಷ್ಟೋ ಹೊತ್ತಿನವರೆಗೆ ಕಾವು ಬಿಡುತ್ತಲೇ ಇರುತ್ತದೆ. ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ, ಸೂರ್ಯನಮಸ್ಕಾರಗಳನ್ನು ಮನೆಯೊಳಗೆ, ಕಿಟಕಿ ತೆರೆದು ಕೂಲರ್ ಮುಂದೆ ಮಾಡುತ್ತೇನೆ. ಕಿಟಕಿ ಮುಚ್ಚಿದರೆ ಕೂಲರಿನ ತೇವ ಕೋಣೆಯಲ್ಲೇ ನಿಂತು ಬೆವರು ಆರುವುದಿಲ್ಲ. ನಮ್ಮ ಒಣ ಬಿಸಿಲಿನಲ್ಲಾದರೋ ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. ಆದ್ದರಿಂದ ಮೈ ಒದ್ದೆಯಾಗಿಲ್ಲವೆಂದು ನೀರು ಕಳೆದುಹೋಗಿಲ್ಲ ಎಂದುಕೊಳ್ಳಬಾರದು. ಹೊರಡುವ ಮೊದಲು ನೀರು, ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯುವುದನ್ನು ನಾನು ತಪ್ಪಿಸುವುದಿಲ್ಲ. ದೇಹ ಸೆಕೆಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗುವುದರಿಂದ, ಮಾರ್ಚ್ ತಿಂಗಳಲ್ಲಿ ಬಿಸಿಲೇರತೊಡಗಿದಾಗ ನಡಿಗೆಯ ಬಿರುಸನ್ನು ಉದ್ದೇಶಪೂರ್ವಕವಾಗಿ ಇಳಿಸಿ, ಆಮೇಲೆ ನಿಧಾನವಾಗಿ ಹೆಚ್ಚಿಸುತ್ತೇನೆ.

ಬಿಸಿಲಿನಂತೆ ದಿನಗಳೂ ನಮ್ಮ ಕೈಯಲ್ಲಿರುವುದಿಲ್ಲ. ಹೀಗಾಗಿ ಪೂರ್ಣ, ಅರ್ಧ, ಕನಿಷ್ಠ ಎಂದು ಮೂರು ಅಳತೆಗಳನ್ನು ಮೊದಲೇ ನಿಶ್ಚಯಿಸಿಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಡೆಯುವುದು ನನ್ನ ಕನಿಷ್ಠ. ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸಲು ಆ ಸಣ್ಣ ನಡಿಗೆಯೂ ನೆರವಾಗುತ್ತದೆ. ಯಾವ ದಿನ ಯಾವ ಅಳತೆ ಎಂಬುದನ್ನು ಬದಲಿಸಲು ನನಗೆ ಪೂರ್ಣ ಸ್ವಾತಂತ್ರ್ಯವಿದೆ, ಆದರೆ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡುವುದಿಲ್ಲ ಎಂಬ ಒಂದು ನಿಯಮವನ್ನು ಮಾತ್ರ ಸಡಿಲಿಸುವುದಿಲ್ಲ. ಇದಕ್ಕೆ ಕಾರಣವಿದೆ. ವ್ಯಾಯಾಮದಿಂದ ಇನ್ಸುಲಿನ್ನಿಗೆ ದೇಹ ಚೆನ್ನಾಗಿ ಸ್ಪಂದಿಸತೊಡಗುತ್ತದೆ. ಆ ಪರಿಣಾಮ ಒಂದೆರಡು ದಿನಗಳಲ್ಲಿ ಕುಂದುತ್ತದೆ. ಹೊಂದಿಕೊಳ್ಳುವುದಕ್ಕೂ ಮನಸ್ಸಿಗೆ ಬಂದಂತೆ ನಡೆಯುವುದಕ್ಕೂ ಇರುವ ಅಂತರ ಈ ಒಂದು ನಿಯಮದಲ್ಲಿದೆ ಎಂದು ನನಗೆ ಖಾತ್ರಿಯಾಗಿದೆ.

ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಮನೆಗೆ ಬೀಗರು ಬಂದಿರುತ್ತಾರೆ, ರೊಟ್ಟಿ ಬಡಿಯುವುದೇ ಮುಗಿಯುವುದಿಲ್ಲ. ಆಗ ಗುಡಿಗೆ ನಡೆದು ಹೋಗಿ ನಡೆದೇ ಬರುವುದನ್ನು ವಾರದ ಲೆಕ್ಕಕ್ಕೆ ಸೇರಿಸುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರು ರಂಜಾನ್ ತಿಂಗಳಲ್ಲಿ ಬೆಳಗಿನ ನಡಿಗೆ ನಿಲ್ಲಿಸಿ, ಉಪವಾಸ ಬಿಟ್ಟು ನೀರು ಆಹಾರ ಸೇವಿಸಿದ ಮೇಲೆ ರಾತ್ರಿ ನಡೆಯುತ್ತಾರೆ. ಜ್ವರ ಬಂದರೆ ಎರಡು ದಿನದ ನಿಯಮವೂ ಅನ್ವಯಿಸದು. ಗುಣವಾದ ಬಳಿಕ ಅರ್ಧದ ಅಳತೆಯಿಂದ ಆರಂಭಿಸಿ, ಸುಸ್ತಾಗುವುದಿಲ್ಲವೆಂದು ಕಂಡಾಗ ಮಾತ್ರ ಪೂರ್ಣಕ್ಕೆ ಹೋಗುತ್ತೇನೆ. ತಪ್ಪಿದ ದಿನದ ಬಾಕಿಯನ್ನು ಮರುದಿನ ದುಪ್ಪಟ್ಟು ಮಾಡಿ ತೀರಿಸುವುದಿಲ್ಲ, ಅದರಿಂದ ಮೊಣಕಾಲಿಗೆ ಪೆಟ್ಟು ಬೀಳುವ ಸಂಭವವೇ ಹೆಚ್ಚು.

ನಾನು ಸಕ್ಕರೆಗೆ ಔಷಧಿ ತೆಗೆದುಕೊಳ್ಳುತ್ತಿಲ್ಲವಾದ್ದರಿಂದ ವೇಳೆಯನ್ನು ಹೀಗೆ ಹಿಂದೆಮುಂದೆ ಮಾಡಿಕೊಳ್ಳಲು ಸಾಧ್ಯವಾಗಿದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವ್ಯಾಯಾಮದ ವೇಳೆ ಬದಲಿಸುವ ಮೊದಲು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.