ಮೆಟಲ್ ಶೋಗೆ ಹೊರಟಿದ್ದೀರಾ? ಇಯರ್‌ಪ್ಲಗ್ ಮರೀಬೇಡಿ

ಬೆಂಗಳೂರಿನಲ್ಲಿ ಗೆಳೆಯರ ಜೊತೆ ರಾಕ್, ಮೆಟಲ್ ಸಂಗೀತದ ಶೋಗೆ ಹೊಸದಾಗಿ ಹೋಗೋರು ಟಿಕೆಟ್ ಜೊತೆಗೇ ಇಯರ್‌ಪ್ಲಗ್ ತಗೊಳ್ಳಿ. 85 ಡೆಸಿಬೆಲ್ ಸದ್ದಿದ್ದರೆ ಕಿವಿಗೆ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಉಳಿಯೋದು ಬರೀ ಕಾಲು ಗಂಟೆ. ಸಣ್ಣ ಪಬ್‌ನಲ್ಲಿ ಎರಡೂ ಕಾಲಲ್ಲಿ ಬಾರಿಸೋ ಡಬಲ್ ಬಾಸ್ ಡ್ರಮ್ ಶುರುವಾದರೆ 100 ಯಾವ ಲೆಕ್ಕ! ಹತ್ತಿ ತುರುಕಿದರೆ ಸಾಲದು. ಫೋಮ್ ಪ್ಲಗ್ ಆದರೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯಲ್ಲಿ ಕಿವಿ ಮೇಲಕ್ಕೆಳೆದು ಒಳಗೆ ತಳ್ಳಿ. ಅದು ಉಬ್ಬುವ ತನಕ ಬೆರಳು ಒತ್ತಿಕೊಂಡೇ ಇರಿ. ಸುಮ್ನೆ ಕಿವಿ ಬಾಯಿಗೆ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ.

ನಿಲ್ಲೋಕೆ ಒಳ್ಳೆ ಜಾಗ ಸೌಂಡ್ ಎಂಜಿನಿಯರ್ ಮೇಜಿನ ಪಕ್ಕ. ಅವರು ಅಲ್ಲೇ ಕೇಳಿಕೊಂಡು ಮಿಕ್ಸ್ ಮಾಡೋದು, ಅಲ್ವಾ? ಮಾಶ್ ಪಿಟ್‌ಗೆ, ಅಂದರೆ ವೇದಿಕೆ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯೋ ಗುಂಪಿಗೆ, ನುಗ್ಗೋರು ಶೂ ಹಾಕಿ, ಕನ್ನಡಕ ತೆಗೆದಿಡಿ. ಯಾರಾದರೂ ಬಿದ್ದರೆ ಮೊದಲು ಎತ್ತಿ ನಿಲ್ಲಿಸಿ, ಕುಣಿತ ಆಮೇಲೆ. ಜನ ಜಾಸ್ತಿ ಇದ್ದರೆ ಫೋನ್ ಸಿಗ್ನಲ್ ಕೈಕೊಡುತ್ತದೆ. ಎಲ್ಲಿ ಸೇರೋದು ಅಂತ ಒಳಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ.

ಮುಖ್ಯ ಬ್ಯಾಂಡ್ ಬರೋ ಹೊತ್ತಿಗೆ ಹೋದರೆ ಸಾಕು ಅನ್ನೋರ ಮಾತು ಕೇಳಬೇಡಿ. ಮೊದಲು ನುಡಿಸೋ ಹುಡುಗರನ್ನೂ ಕೇಳಿ. ಜರ್ಮನಿಯ ವಾಕನ್ ಮೆಟಲ್ ಉತ್ಸವದ ತನಕ ಹೋದ ಕ್ರಿಪ್ಟೋಸ್ ಕೂಡ ನಮ್ಮೂರಿನ ಬ್ಯಾಂಡೇ. ಟಿ-ಶರ್ಟ್ ಕೊಳ್ಳೋದಾದರೆ ಬ್ಯಾಂಡಿನ ಮೇಜಿನಲ್ಲೇ ಕೊಳ್ಳಿ. ಯುಪಿಐ ನಂಬಬೇಡಿ, ಸ್ವಲ್ಪ ನಗದು ಇರಲಿ.