ಸೊಂಟ ನೋವಿದ್ದರೂ ಮಷೀನ್ ಮುಂದೆ ಕೂರುವುದು ಹೇಗೆ?

ನಾನು ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಸೊಂಟ ನೋವು ಶುರುವಾಗಿ 6 ವರ್ಷ ಆಯಿತು. ನನ್ನ ಹಾಗೆ ನೋವಿಟ್ಟುಕೊಂಡು ದುಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೆರಳಿಗೆ ಸೂಜಿ ಚುಚ್ಚಿದರೆ ನೋಯುತ್ತದೆ, ಗಾಯ ಮಾಗಿದರೆ ಹೋಗುತ್ತದೆ. 3 ತಿಂಗಳು ದಾಟಿದ ನೋವು ಹಾಗಲ್ಲ. ಎಷ್ಟೋ ಜನರಲ್ಲಿ ನರ, ಮೆದುಳು ಜಾಸ್ತಿ ಸೂಕ್ಷ್ಮ ಆಗಿಬಿಟ್ಟಿರುತ್ತವೆ. ಸಣ್ಣದಕ್ಕೂ ಜೋರಾಗಿ ನೋಯುತ್ತದೆ. ಅದು ಸುಳ್ಳು ನೋವಲ್ಲ. ಆದರೆ ನೋಯಿತು ಅಂದ ತಕ್ಷಣ ಒಳಗೆ ಏನೋ ಮುರಿಯಿತು ಅಂತಲೂ ಅಲ್ಲ. ಸ್ಕ್ಯಾನ್‌ನಲ್ಲಿ 'ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ' ಅಂತ ನೋಡಿ ನಾನು ರಾತ್ರಿಯೆಲ್ಲ ಅತ್ತಿದ್ದೆ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನ್‌ನಲ್ಲೂ ಅದು ಕಾಣುತ್ತದೆ ಅಂತ ಆಮೇಲೆ ತಿಳಿಯಿತು.

ನನ್ನ ತಪ್ಪು ಬೇರೆ ಕಡೆ ಇತ್ತು. ನೋವು ಕಮ್ಮಿ ಇದ್ದ ದಿನ ಎರಡು ಬಂಡಲ್ ಮುಗಿಸಿಯೇ ಏಳುತ್ತಿದ್ದೆ. ಮರುದಿನದಿಂದ 3 ದಿನ ಹಾಸಿಗೆ. ನೀವೂ ಹೀಗೇ ಮಾಡ್ತೀರಿ ಅಲ್ವಾ?

ಈಗ ನೋವನ್ನಲ್ಲ, ಗಡಿಯಾರವನ್ನು ಕೇಳುತ್ತೇನೆ. ಎಷ್ಟು ಹೊತ್ತು ಕೂತರೆ ನೋವು ಏರುತ್ತದೆ ಅಂತ ಒಂದು ವಾರ ಬರೆದಿಟ್ಟೆ. ನನಗೆ 25 ನಿಮಿಷ ಬಂತು. ಮೊಬೈಲ್‌ನಲ್ಲಿ 20ಕ್ಕೆ ಅಲಾರಂ ಇಟ್ಟೆ. ಹೊಡೆದ ಕೂಡಲೇ ಏಳಬೇಕು, ಹೊಲಿಗೆ ಅರ್ಧಕ್ಕೇ ನಿಂತರೂ ಸರಿ. ನೀರಿನ ಕೊಡದ ತನಕ ನಡೆದು ನೀರು ಕುಡಿದು, ಸೊಂಟಕ್ಕೆ ಕೈಕೊಟ್ಟು ಸ್ವಲ್ಪ ಹಿಂದಕ್ಕೆ ಬಾಗಿ ಬರುತ್ತೇನೆ. ಎರಡು ವಾರ ಸರಿಹೋದರೆ 2 ನಿಮಿಷ ಜಾಸ್ತಿ. ನೋವೇ ಇಲ್ಲದಾಗ ಏಳುವುದು ಬಹಳ ಕಷ್ಟ. ಪೀಸಿಗಿಷ್ಟು ಅಂತ ದುಡ್ಡು, ಎದ್ದರೆ ನಷ್ಟ ಅನಿಸುತ್ತದೆ. ನಾನು ಲೆಕ್ಕ ಹಾಕಿದೆ. ಮೊದಲು ತಿಂಗಳಿಗೆ ಏಳೆಂಟು ದಿನ ಮಲಗೇ ಹೋಗುತ್ತಿತ್ತು, ಈಗ ಒಂದೋ ಎರಡೋ.

ನೋವು ಜೋರಾದ ದಿನ ಪೂರ್ತಿ ಮಲಗಬೇಡಿ. ಕೆಲಸ ಅರ್ಧ ಮಾಡಿ, ಮನೆಯೊಳಗೇ ಓಡಾಡಿ. ಸ್ಟೂಲ್ ಮೇಲೆ ಕೌದಿ ಮಡಚಿ ಹಾಕಿಕೊಳ್ಳಿ. ದಿನಾ ನಡೆಯಿರಿ. ಬೇಸಿಗೆಯಲ್ಲಿ ಬೆಳಗ್ಗೆ 6ಕ್ಕೇ ಹೊರಡಿ, ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ.

ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ಸುಮ್ನೆ ದಿನಾ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಕಾಲಿನ ಬಲ ಕುಂದಿದರೆ, ತೊಡೆ ಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ತಡ ಮಾಡದೆ ತೋರಿಸಿ. ನೋವಿನಿಂದ ಮನಸ್ಸು ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮನೆಯವರಿಗೂ ಇದೆಲ್ಲ ಹೇಳಿಡಿ. ನಮ್ಮತ್ತೆ ಮೊದಲು "ಇನ್ನೂ ನೋವೈತೇನು?" ಅಂತ ಕೇಳುತ್ತಿದ್ದರು, ಕೇಳಿದಾಗೆಲ್ಲ ನೋವಿನ ಕಡೆಗೇ ಗಮನ ಹೋಗುತ್ತಿತ್ತು. ಈಗ ಅಡುಗೆಮನೆಯಿಂದಲೇ ಕೂಗುತ್ತಾರೆ, "ಅಲಾರಂ ಹೊಡಿತು, ಏಳವ್ವಾ."